ಕುಂಡದ ಪಾಮ್‌ನಲ್ಲಿ ಸುಳಿಯೋ, ಹೊಂಬಾಳೆಯೋ?

ಕೊಡಗಿನ ತೋಟದ ಮನೆಗಳ ಜಗಲಿಯಲ್ಲಿ, ಹೋಂಸ್ಟೇಗಳ ಬಾಗಿಲಲ್ಲಿ ಕುಂಡದ ತುಂಬ ಗುಂಪಾಗಿ ಬೆಳೆಯುವ ಪಾಮ್ ಗಿಡಗಳು ಈಗ ಸಾಮಾನ್ಯ. ನರ್ಸರಿಯವರು ಅರೆಕಾ ಪಾಮ್ ಎಂದು ಮಾರುವ ಹಳದಿ ದಂಟಿನ ಗಿಡವೇ ಇವುಗಳಲ್ಲಿ ಹೆಚ್ಚು. ಮಡಗಾಸ್ಕರ್ ಮೂಲದ ಇದು ನಮ್ಮ ಅಡಿಕೆಯ ಕುಟುಂಬಕ್ಕೇ ಸೇರಿದ್ದು. ಇದರಲ್ಲಿ ಹಸಿರು ಮೊನೆಯೊಂದು ಹೊರಬಂದಾಗ ಎಲೆಯೋ, ಹೂವೋ, ಮರಿಯೋ ಎಂಬ ಗೊಂದಲ ಸಹಜ. ಮೂರೂ ಮೊದಲಿಗೆ ಬಿಗಿಯಾಗಿ ಮುಚ್ಚಿಕೊಂಡ ಚೂಪು ಮೊನೆಯಾಗಿಯೇ ಕಾಣುತ್ತವೆ. ಆದ್ದರಿಂದ ಬಣ್ಣ, ಆಕಾರಗಳನ್ನು ನಂಬದೆ ಅದು ಹುಟ್ಟಿದ ಜಾಗವನ್ನು ನೋಡಬೇಕು ಎನ್ನುತ್ತೇನೆ. ಸುಳಿಯನ್ನೇ ಹೂವೆಂದು ತಿಳಿದು ಆಳವಾಗಿ ಕತ್ತರಿಸಿ ಒಳಗಿನ ಮೊಗ್ಗಿಗೆ ಪೆಟ್ಟಾದರೆ ಆ ದಂಟು ಸತ್ತೇಹೋಗುತ್ತದೆ.

ಜಾಗವೇ ಏಕೆ ಪ್ರಮಾಣವೆಂದರೆ, ಈ ಕುಟುಂಬದ ಗಿಡಗಳಲ್ಲಿ ಒಂದು ದಂಟಿಗೆ ಬೆಳೆಯುವ ತುದಿ ಒಂದೇ. ಪ್ರತಿ ಹೊಸ ಎಲೆಯೂ ಹಿಂದಿನ ಎಲೆಯ ಹಾಳೆಯ ಒಳಗಿನಿಂದ, ನಟ್ಟನಡುವೆ ಸುಳಿಯಾಗಿ ಏಳುತ್ತದೆ. ಬೇರೆ ದಾರಿ ಅದಕ್ಕಿಲ್ಲ. ಹೂಗೊಂಚಲು ಹುಟ್ಟುವುದು ಎಲೆಯ ಕಂಕುಳಲ್ಲಿ. ಅಡಿಕೆ ತೋಟ ನೋಡಿದವರಿಗೆ ಇದು ಗೊತ್ತು: ಕೆಳಗಿನ ಸೋಗೆ ಹಾಳೆಸಮೇತ ಕಳಚಿ ಬಿದ್ದ ಮೇಲೆ ಹೊಂಬಾಳೆ ಪಕ್ಕದಿಂದ ಹೊರಬರುತ್ತದೆ. ಕುಂಡದ ಅರೆಕಾ ಪಾಮ್‌ನಲ್ಲೂ ಅದು ಎಲೆಗಳ ನಡುವೆ, ಇಲ್ಲವೇ ಎಲೆಗಳ ಕೆಳಗೆ, ದಂಟಿನ ಪಕ್ಕದಲ್ಲೇ ಮೂಡುತ್ತದೆ. ಸುಳಿ ಬಿಚ್ಚಿಕೊಂಡರೆ ಗರಿಗಳಾಗುತ್ತದೆ. ಹೊಂಬಾಳೆಯ ಹೊದಿಕೆ ಸೀಳಿದರೆ ಕವಲುಕವಲಾದ ಕಡ್ಡಿಗಳೂ ಅವುಗಳ ಮೇಲೆ ಸಣ್ಣ ಮೊಗ್ಗುಗಳೂ ಕಾಣುತ್ತವೆ. ಮರಿ ಏಳುವುದು ಬುಡದಿಂದ. ನರ್ಸರಿಗಳಲ್ಲಿ ಒಂದೇ ಕುಂಡಕ್ಕೆ ಹಲವು ಸಸಿ ಸೇರಿಸಿ ನೆಡುವ ರೂಢಿಯೂ ಇರುವುದರಿಂದ, ಮಣ್ಣಿನಲ್ಲಿ ಕಂಡದ್ದೆಲ್ಲ ಮರಿಯೇ ಆಗಬೇಕಿಲ್ಲ, ಹಿಂದುಳಿದ ಸಸಿಯೂ ಆಗಿರಬಹುದು.

ಈ ವಾದಕ್ಕೆ ಕಾಡಿನ ಬೈನೆ ಮರವನ್ನು ತೋರಿಸಿ ಆಕ್ಷೇಪ ಎತ್ತಬಹುದು. ಅದರ ಮೊದಲ ಗೊಂಚಲು ಬರುವುದು ಮರದ ತಲೆಯಲ್ಲೇ ಅಲ್ಲವೇ? ನಿಜ, ಆದರೆ ಅದೂ ಎಲೆಯ ಕಂಕುಳಿನದೇ. ಎತ್ತರದ ಬೆಳವಣಿಗೆ ಮುಗಿದ ಮೇಲೆ ಬೈನೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಗೊಂಚಲು ಬಿಟ್ಟು ಕೊನೆಗೆ ಸಾಯುತ್ತದೆ; ಅಲ್ಲಿಂದಾಚೆ ಹೊಸ ಸುಳಿ ಬರುವುದಿಲ್ಲ. ಕುಂಡದಲ್ಲಿ ಬೆಳೆಸುವ, ಮೀನಿನ ಬಾಲದಂಥ ಎಲೆಯ ಗುಂಪು ಬೈನೆಯಲ್ಲಿ ಹೂಬಿಟ್ಟ ದಂಟು ಮಾತ್ರ ಸಾಯುತ್ತದೆ, ಉಳಿದ ದಂಟುಗಳು ಬೆಳೆಯುತ್ತಲೇ ಇರುತ್ತವೆ. ಅರೆಕಾ ಪಾಮ್ ಹೂಬಿಟ್ಟರೆ ಸಾಯುತ್ತದೆಂದು ಹೆದರುವವರು ಅದರ ಸ್ವಭಾವವನ್ನು ಬೈನೆಯ ಸ್ವಭಾವದೊಂದಿಗೆ ಬೆರೆಸಿಕೊಂಡಿದ್ದಾರೆ; ಅರೆಕಾ ವರ್ಷವರ್ಷವೂ ಹೂಬಿಟ್ಟು ಬದುಕುವ ಗಿಡ. ಮರಿ ಕೆಲವೊಮ್ಮೆ ಮಣ್ಣಿಗಿಂತ ತುಸು ಮೇಲೆ ದಂಟಿನಲ್ಲೇ ಮೂಡುವುದುಂಟಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಂಥಲ್ಲಿ ಜಾಗವೊಂದೇ ಸಾಲದು, ಮೊನೆ ಬಿಚ್ಚುವವರೆಗೆ ಕಾಯಬೇಕು.

ಹೂವೆಂದು ಖಚಿತವಾದ ಮೇಲೂ ಅದನ್ನು ಕತ್ತರಿಸಬೇಕೇ? ಕಾಯಿ ಕಟ್ಟಲು ಗಿಡದ ಶಕ್ತಿ ಖರ್ಚಾಗುತ್ತದೆ ಎಂಬುದು ಸರಿ. ಹಾಗೆಂದು ಆರೋಗ್ಯವಾಗಿರುವ ಗಿಡದಿಂದ ಅದನ್ನು ಕೀಳುವ ಅಗತ್ಯ ನನಗೆ ಕಾಣದು. ಜಗಲಿಯ ಒಳಮೂಲೆಯ ಗಿಡ ಹೂಬಿಡುವುದೇ ಅಪರೂಪ. ವಯಸ್ಸೂ ಬೆಳಕೂ ಸಾಕಷ್ಟು ಸಿಕ್ಕಿದೆ ಎಂಬುದಕ್ಕೆ ಹೊಂಬಾಳೆಯೇ ಸಾಕ್ಷಿ. ಕುಂಡದ ಇನ್ನೊಂದು ಪಾಮ್ ಆದ, ಬೀಸಣಿಗೆ ಎಲೆಯ ರಾಪಿಸ್‌ನಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆಬೇರೆ. ಹಾಗಾಗಿ ಒಂಟಿ ಕುಂಡದಲ್ಲಿ ಅದು ಹೂಬಿಟ್ಟರೂ ಕಾಯಿಯ ಭಾರದ ಚಿಂತೆ ಬಹುತೇಕ ಇಲ್ಲ. ಮುಂಗಾರಿನ ಮೋಡ, ತೇವದ ತಿಂಗಳುಗಳಲ್ಲಂತೂ ಸುಳಿಯನ್ನು ಕೈಯಿಂದ ಬಿಡಿಸಿ ನೋಡುವ ಆತುರ ಬೇಡ, ಗಾಯವಾದ ಎಳೆ ಭಾಗ ಬೇಗ ಕೊಳೆಯುತ್ತದೆ. ಅನುಮಾನವಿದ್ದರೆ ಕತ್ತರಿಯನ್ನು ಪಕ್ಕಕ್ಕಿಟ್ಟು ಕೆಲವು ವಾರ ಕಾಯಿರಿ.