ಹಾಡು ಕೇಳಿ ಗಿಟಾರ್ ಕಾರ್ಡ್ ಕಂಡುಹಿಡಿಯಲು ‘ಹುಟ್ಟು ಕಿವಿ’ ಬೇಕೇ?

ಹಾಡು ಕೇಳಿದ ಕೂಡಲೇ ಅದನ್ನು ಗಿಟಾರ್‌ನಲ್ಲಿ ನುಡಿಸುವುದು ಹುಟ್ಟಿನಿಂದ ಬರುವ ವರ, ಅದಿಲ್ಲದವರು ಕಾರ್ಡ್ ಪಟ್ಟಿ ನೋಡಿಕೊಂಡೇ ನುಡಿಸಬೇಕು ಎಂಬ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿದವರ ಗಿಟಾರ್ ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ. ಇಲ್ಲವೇ ಯಾರೋ ಬರೆದ ತಪ್ಪು ಪಟ್ಟಿಯೇ ವರ್ಷಗಟ್ಟಲೆ ಕೈಯಲ್ಲಿ ಉಳಿಯುತ್ತದೆ. ಹಾಗಾದರೆ ಈ ಮಾತು ಎಷ್ಟು ನಿಜ? ಒಂದು ಹಳೆಯ ರಾಕ್ ಹಾಡನ್ನು ಇಟ್ಟುಕೊಂಡು ಪರೀಕ್ಷಿಸೋಣ.

ಕಿವಿಯಲ್ಲಿ ಎರಡು ಬಗೆ

ಯಾವ ಆಧಾರವೂ ಇಲ್ಲದೆ ಒಂದು ಸ್ವರ ಕೇಳಿ ‘ಇದು ಜಿ’ ಎಂದು ಹೆಸರಿಸುವ ಶಕ್ತಿ ಕೆಲವರಿಗೆ ಇರುತ್ತದೆ. ಇದಕ್ಕೆ ಪರ್ಫೆಕ್ಟ್ ಪಿಚ್ ಎನ್ನುತ್ತಾರೆ. ಇದು ತೀರಾ ವಿರಳ, ದೊಡ್ಡವರಾದ ಮೇಲೆ ಕಲಿಯುವುದೂ ಬಹಳ ಕಷ್ಟ. ಆ ಮಾತಿನಲ್ಲಿ ಇಷ್ಟು ಮಾತ್ರ ನಿಜ.

ಆದರೆ ಕಾರ್ಡ್ ಹುಡುಕಲು ಇದು ಬೇಕಿಲ್ಲ. ಒಂದು ಸ್ವರದಿಂದ ಇನ್ನೊಂದು ಸ್ವರ ಎಷ್ಟು ದೂರದಲ್ಲಿದೆ ಎಂದು ಗುರುತಿಸಿದರೆ ಸಾಕು. ಇದಕ್ಕೆ ರಿಲೇಟಿವ್ ಪಿಚ್ ಎಂದು ಹೆಸರು. ನಮ್ಮ ಶಾಸ್ತ್ರೀಯ ಸಂಗೀತ ನಿಂತಿರುವುದೇ ಇದರ ಮೇಲೆ. ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಷಡ್ಜ ಹಿಡಿಯುತ್ತಾರೆ. ಶ್ರುತಿ ಯಾವುದೇ ಇರಲಿ, ‘ಸ’ದಿಂದ ‘ಪ’ಕ್ಕೆ ಇರುವ ದೂರ ಬದಲಾಗುವುದಿಲ್ಲ. ಒಂದು ಹಾಡನ್ನು ಅಪಸ್ವರವಿಲ್ಲದೆ ಗುನುಗಬಲ್ಲವರಿಗೆ ಈ ಕಿವಿ ಈಗಾಗಲೇ ಇದೆ. ಅಭ್ಯಾಸದಿಂದ ಇದನ್ನು ಚುರುಕು ಮಾಡಿಕೊಳ್ಳಬಹುದು.

ಹುಡುಕಬೇಕಾದದ್ದು ಕೆಲವೇ ಕಾರ್ಡ್

ಕಾರ್ಡ್ ಎಂದರೆ ಮೂರು ಅಥವಾ ಹೆಚ್ಚು ಸ್ವರಗಳು ಒಟ್ಟಿಗೆ ನುಡಿಯುವುದು. ಉದಾಹರಣೆಗೆ ಜಿ ಮೇಜರ್ ಕಾರ್ಡ್‌ನಲ್ಲಿ ಜಿ, ಬಿ, ಡಿ ಸ್ವರಗಳಿವೆ. ನಡುವಿನ ಸ್ವರವನ್ನು ಒಂದೇ ಒಂದು ಫ್ರೆಟ್ ಇಳಿಸಿದರೆ ಅದು ಜಿ ಮೈನರ್. ಮೇಜರ್ ತೆರೆದಂತೆ, ಮೈನರ್ ಸ್ವಲ್ಪ ಮಂಕಾದಂತೆ ಕೇಳುತ್ತದೆ.

ಹಾಡು ಜಿ ಮೇಜರ್ ಶ್ರುತಿಯಲ್ಲಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಆರು ಕಾರ್ಡ್‌ಗಳನ್ನು: ಜಿ, ಸಿ, ಡಿ ಮೇಜರ್ ಮತ್ತು ಎ, ಬಿ, ಇ ಮೈನರ್. ಬಹಳಷ್ಟು ಹಳೆಯ ರಾಕ್ ಹಾಡುಗಳು ಇಂಥ ಮೂರು ನಾಲ್ಕು ಕಾರ್ಡ್‌ಗಳಲ್ಲೇ ಮುಗಿಯುತ್ತವೆ.

ಈಗ ಹಾಡಿಗೆ ಬರೋಣ

ಬಾಬ್ ಡಿಲನ್ 1973ರಲ್ಲಿ ‘ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದ ಕಿಡ್’ ಚಿತ್ರಕ್ಕಾಗಿ ‘ನಾಕಿನ್ ಆನ್ ಹೆವೆನ್ಸ್ ಡೋರ್’ ಬರೆದು ಹಾಡಿದರು. ಇದರ ಕಾರ್ಡ್ ಹುಡುಕೋಣ.

1. ಮೊದಲು ಇಯರ್‌ಫೋನ್ ಹಾಕಿಕೊಳ್ಳಿ. ಬೇಸ್ ಗಿಟಾರ್‌ನ ಕೆಳಗಿನ ಜಿ ಸ್ವರ ಸೆಕೆಂಡಿಗೆ ಸುಮಾರು 49 ಬಾರಿ ಕಂಪಿಸುತ್ತದೆ. ಇಷ್ಟು ತಗ್ಗಿನ ಸದ್ದನ್ನು ಮೊಬೈಲ್‌ನ ಪುಟ್ಟ ಸ್ಪೀಕರ್ ಹೊರಡಿಸಲಾರದು. ‘ನನಗೆ ಬೇಸ್ ಕೇಳಿಸುವುದೇ ಇಲ್ಲ’ ಎನ್ನುವವರ ತೊಂದರೆ ಎಷ್ಟೋ ಸಲ ಕಿವಿಯದ್ದಲ್ಲ, ಫೋನಿನದ್ದು.

2. ಹಾಡು ಎಲ್ಲಿ ಮನೆಗೆ ಬಂದಂತೆ ನೆಮ್ಮದಿಯಾಗಿ ನಿಲ್ಲುತ್ತದೆ ಎಂದು ಕೇಳಿ, ಆ ಸ್ವರ ಗುನುಗಿ. ದಪ್ಪ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತುತ್ತಾ ಹೋದರೆ ಮೂರನೇ ಫ್ರೆಟ್‌ನಲ್ಲಿ ಅದು ಸಿಗುತ್ತದೆ. ಅದೇ ಜಿ, ಈ ಹಾಡಿನ ‘ಸ’.

3. ಕಾರ್ಡ್ ಬದಲಾದಾಗಲೆಲ್ಲ ಬೇಸ್ ಯಾವ ಸ್ವರಕ್ಕೆ ಇಳಿಯುತ್ತದೆ ಎಂದು ಗುನುಗಿ ನೋಡಿ. ಮೊದಲ ಸಾಲಿನಲ್ಲಿ ಸ, ಪ, ರಿ. ಎರಡನೇ ಸಾಲಿನಲ್ಲಿ ಸ, ಪ, ಮ. ಗಿಟಾರ್ ಭಾಷೆಯಲ್ಲಿ ಹೇಳಿದರೆ ಜಿ, ಡಿ, ಎ ಮತ್ತು ಜಿ, ಡಿ, ಸಿ.

4. ಪ್ರತಿ ಸ್ವರದ ಮೇಲೆ ಮೇಜರ್ ಮತ್ತು ಮೈನರ್ ಎರಡನ್ನೂ ಹಾಡಿನ ಜೊತೆ ನುಡಿಸಿ. ಹೊಂದದ್ದು ತಾನೇ ಕಿರಿಕಿರಿ ಮಾಡುತ್ತದೆ. ಉಳಿಯುವುದು ಜಿ, ಡಿ, ಎ ಮೈನರ್. ಜಿ, ಡಿ, ಸಿ.

ವೇಗ ಹೆಚ್ಚೆನಿಸಿದರೆ ಯೂಟ್ಯೂಬ್‌ನಲ್ಲಿ ವೇಗ ಇಳಿಸಿಕೊಳ್ಳಿ. ಹಾಡು ನಿಧಾನವಾಗುತ್ತದೆ, ಶ್ರುತಿ ಮಾತ್ರ ಹಾಗೆಯೇ ಉಳಿಯುತ್ತದೆ.

ತಪ್ಪು ಆಗುವುದು ಎಲ್ಲಿ?

ಎ ಮೈನರ್‌ನಲ್ಲಿ ಎ, ಸಿ, ಇ ಸ್ವರಗಳಿವೆ. ಸಿ ಮೇಜರ್‌ನಲ್ಲಿ ಸಿ, ಇ, ಜಿ. ಎರಡು ಸ್ವರ ಒಂದೇ! ಎ ಮೈನರ್‌ಗೆ ಜಿ ಸೇರಿಸಿ ಎ ಮೈನರ್ ಸೆವೆನ್ ನುಡಿಸಿದರಂತೂ ಅದರೊಳಗೆ ಇಡೀ ಸಿ ಕಾರ್ಡ್ ಅಡಗಿರುತ್ತದೆ. ಆದ್ದರಿಂದ ಎರಡೂ ಸಾಲಿಗೆ ಸಿ ಎಂದೇ ಬರೆದರೂ ಕಿವಿಗೆ ದೊಡ್ಡ ತಪ್ಪೆನಿಸುವುದಿಲ್ಲ. ಕಾರ್ಡ್ ಹೇಳುವ ಆ್ಯಪ್‌ಗಳೂ ಇಂಥ ಕಡೆ ಎಡವಬಹುದು. ಇಲ್ಲಿ ತೀರ್ಪು ಕೊಡುವುದು ಬೇಸ್. ಅದು ‘ರಿ’ಯಲ್ಲಿ ನಿಂತರೆ ಎ ಮೈನರ್, ‘ಮ’ದಲ್ಲಿ ನಿಂತರೆ ಸಿ.

ಇನ್ನೊಂದು ಗೊಂದಲವೂ ಇದೆ. ಇದೇ ಹಾಡನ್ನು ಗನ್ಸ್ ಎನ್ ರೋಸಸ್ ತಂಡ 1991ರ ‘ಯೂಸ್ ಯುವರ್ ಇಲ್ಯೂಷನ್ 2’ ಆಲ್ಬಮ್‌ನಲ್ಲಿ ಹಾಡಿದೆ. ಅದರ ಜೊತೆ ಜಿ ನುಡಿಸಿದರೆ ಕರ್ಕಶವಾಗಿ ಕೇಳುತ್ತದೆ. ‘ನನ್ನ ಕಿವಿಯೇ ಸರಿಯಿಲ್ಲ’ ಎಂದು ಕೈಬಿಡಬೇಡಿ. ಆ ತಂಡದವರು ಗಿಟಾರ್‌ನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತಾರೆ. ನೀವೂ ಹಾಗೆ ಇಳಿಸಿಕೊಂಡರೆ ಅದೇ ಬೆರಳು, ಅದೇ ಕಾರ್ಡ್ ಸರಿಹೊಂದುತ್ತದೆ. ಸ್ವರಗಳ ನಡುವಿನ ದೂರವೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕೊನೆಯ ಮಾತು

ಕಾರ್ಡ್ ಪಟ್ಟಿ ನೋಡುವುದು ತಪ್ಪಲ್ಲ. ಆದರೆ ಒಬ್ಬರು ತಪ್ಪು ಬರೆದರೆ ಹತ್ತು ಮಂದಿ ಅದನ್ನೇ ನಕಲು ಮಾಡುತ್ತಾರೆ, ಹತ್ತು ಕಡೆ ಕಂಡದ್ದರಿಂದಲೇ ಅದು ಸರಿ ಎಂದು ನಾವು ನಂಬಿಬಿಡುತ್ತೇವೆ. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಆಗುವುದೂ ಇದೇ ತಾನೆ? ಒಂದು ವ್ಯತ್ಯಾಸವಿದೆ. ಇಲ್ಲಿ ಸತ್ಯ ಪರೀಕ್ಷಿಸಲು ತಜ್ಞರನ್ನು ಹುಡುಕಬೇಕಾಗಿಲ್ಲ. ಮೂಲ ಹಾಡು ನಿಮ್ಮ ಫೋನಿನಲ್ಲೇ ಇದೆ. ಇಯರ್‌ಫೋನ್ ಹಾಕಿ, ಬೇಸ್ ಗುನುಗಿ, ಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಮೊದಲ ಹಾಡಿಗೆ ಇಡೀ ಸಂಜೆ ಹಿಡಿಯಬಹುದು, ಹತ್ತನೆಯದಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ.