ಸಮಸ್ಥಾನಿ ಪಾಠಕ್ಕೆ ಒರಾಯನ್‌ನ ಮೆಥನಾಲ್

‘ಸಮಸ್ಥಾನಿಗಳ ರಾಸಾಯನಿಕ ಗುಣಗಳು ಒಂದೇ’ ಎಂದು ಒಂಬತ್ತನೆಯ ತರಗತಿಯಲ್ಲಿ ಹೇಳಿ ಮುಗಿಸುತ್ತೇವೆ. ಆ ಮಾತಿನ ಮಿತಿ ತೋರಿಸಲು ಒರಾಯನ್ ನೀಹಾರಿಕೆ ಒಳ್ಳೆಯ ಉದಾಹರಣೆ.

ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ, ಭಾರೀ ನಕ್ಷತ್ರಗಳು ಹುಟ್ಟುವ ಅಲ್ಲಿನ ಅನಿಲದಲ್ಲಿ ಮೆಥನಾಲ್ ಇದೆ. ತಿರುಗುವ ಮೆಥನಾಲ್ ಅಣು ತನ್ನದೇ ಆವೃತ್ತಿಗಳಲ್ಲಿ ರೇಡಿಯೋ ತರಂಗ ಸೂಸುತ್ತದೆ. ಅದರ ಒಂದು ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ ಇದ್ದರೆ ರಾಶಿ ಹೆಚ್ಚಿ ಆವೃತ್ತಿಗಳು ಬದಲಾಗುತ್ತವೆ. ಪ್ರಯೋಗಾಲಯದಲ್ಲಿ ಅಳೆದ ರೋಹಿತ ರೇಖೆಗಳೊಡನೆ ಒಂದಲ್ಲ, ಹಲವು ರೇಖೆಗಳು ಹೊಂದಿದರಷ್ಟೇ ಪತ್ತೆ ಖಚಿತ.

ವಿಶ್ವದಲ್ಲಿ ಲಕ್ಷ ಹೈಡ್ರೋಜನ್‌ಗೆ ಡ್ಯುಟೀರಿಯಂ ಒಂದೆರಡು; ಆ ಮೆಥನಾಲ್‌ನಲ್ಲಿ ಅದರ ಹತ್ತಾರು ಪಟ್ಟು. ಕಾರಣ, ಡ್ಯುಟೀರಿಯಂ ಬಂಧ ತುಸು ಗಟ್ಟಿ. ನಕ್ಷತ್ರ ಹುಟ್ಟುವ ಮೊದಲಿನ ಕಡುಚಳಿಯಲ್ಲಿ ಅಣು ಸೇರಿದ ಡ್ಯುಟೀರಿಯಂ ಸುಲಭವಾಗಿ ಬಿಟ್ಟುಹೋಗದು. ಆದ್ದರಿಂದ ಕಪ್ಪುಹಲಗೆಯ ಮೇಲೆ ‘ಬಹುಮಟ್ಟಿಗೆ ಒಂದೇ’ ಎಂದು ಬರೆಯೋಣ.