ಬಣ್ಣ ಬಳಿದ ಮಾತ್ರಕ್ಕೆ ಬೋಗಿ ಉಳಿಯದು: ಹಳೆಯ ರೈಲು ಬೋಗಿಗಳ ಜೀರ್ಣೋದ್ಧಾರ ಹೇಗೆ?

ಕೊಳ್ಳೇಗಾಲ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಜನರಿಗೆ ರೈಲು ಎಂದರೆ ಬಸ್ಸಿನಲ್ಲಿ ಹೋಗಿ ಹತ್ತಬೇಕಾದ ವಾಹನ. ಚಾಮರಾಜನಗರಕ್ಕೋ ನಂಜನಗೂಡಿಗೋ ಮೈಸೂರಿಗೋ ಹೋದರೆ ಮಾತ್ರ ಹಳಿಯ ದರ್ಶನ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೂಲಕ ಚಾಮರಾಜನಗರವನ್ನು ತಲುಪಬೇಕಾದ 142 ಕಿ.ಮೀ. ಮಾರ್ಗಕ್ಕೆ 1996-97ರಲ್ಲಿಯೇ ಮಂಜೂರಾತಿ ದೊರೆತಿದ್ದರೂ ಇಲ್ಲಿ ಇನ್ನೂ ಹಳಿ ಬಿದ್ದಿಲ್ಲ. ಹೀಗಾಗಿ ಶಾಲಾ ಪ್ರವಾಸಕ್ಕೆ ಹೊರಟ ಈ ಭಾಗದ ಎಷ್ಟೋ ಮಕ್ಕಳು ರೈಲನ್ನು ನಿಧಾನವಾಗಿ ಮುಟ್ಟಿ ನೋಡುವುದು ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ರೈಲು ವಸ್ತುಸಂಗ್ರಹಾಲಯದಲ್ಲಿ.

1979ರಲ್ಲಿ ಆರಂಭವಾದ ಈ ಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ (1977) ನಂತರ ದೇಶದಲ್ಲಿ ಸ್ಥಾಪನೆಯಾದ ಇಂಥ ಎರಡನೆಯ ಸಂಸ್ಥೆ. ಇಲ್ಲಿನ ಶ್ರೀರಂಗ ಮಂಟಪದಲ್ಲಿರುವ 1899ರ 'ಮಹಾರಾಣಿ ಸಲೂನ್' ಎಲ್ಲರ ಗಮನ ಸೆಳೆಯುತ್ತದೆ. ಅಡುಗೆ ಮನೆ, ಊಟದ ಕೋಣೆ, ರಾಜಮನೆತನದ ಶೌಚಗೃಹ ಎಲ್ಲವೂ ಇದರಲ್ಲಿವೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕರು. ಅವರ ತಾಯಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯವಾಳುತ್ತಿದ್ದರು. ಅದೇ ವರ್ಷದ ಮೈಸೂರು ಮಹಾರಾಜರ ಸಲೂನ್ ದೆಹಲಿಯ ಸಂಗ್ರಹಾಲಯದಲ್ಲಿದೆ.

ನೂರಿಪ್ಪತ್ತೈದು ವರ್ಷ ದಾಟಿದ ಮರದ ಬೋಗಿಯೊಂದು ಉಳಿಯುವುದು ಹೇಗೆ? ಬಣ್ಣ ಬಳಿದು ನಿಲ್ಲಿಸಿದರೆ ಸಾಲದೇ? ಸಾಲದು ಎಂಬುದೇ ಈ ವಿದ್ಯೆಯ ಮೊದಲ ಪಾಠ.

ಹಳಿ ಹೋದ ಮೇಲೆ ಬೋಗಿ

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಚಾಮರಾಜನಗರಕ್ಕೆ ಅದು ವಿಸ್ತರಣೆಯಾದದ್ದು 1926ರಲ್ಲಿ. ಎರಡೂ ಮೀಟರ್ ಗೇಜ್ ಮಾರ್ಗಗಳು. ಅಂದರೆ ಹಳಿಗಳ ನಡುವಿನ ಅಂತರ 1,000 ಮಿ.ಮೀ. 2008ರಲ್ಲಿ ಈ ಮಾರ್ಗವನ್ನು 1,676 ಮಿ.ಮೀ. ಅಂತರದ ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಯಿತು. ಕಪಿಲಾ ನದಿಗೆ 1735ರಲ್ಲಿ ದಳವಾಯಿ ದೇವರಾಜರು ಕಟ್ಟಿಸಿದ, ರೈಲನ್ನೂ ಹೊತ್ತಿದ್ದ ನಂಜನಗೂಡಿನ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಆದರೆ ಅದರ ಮೇಲೆ ಓಡಿದ ಬೋಗಿಗಳು ನಿಲ್ಲಲಿಲ್ಲ.

ಕಾರಣ ಸರಳ. ಹಳಿಯ ಅಳತೆ ಬದಲಾದರೆ ಅದರ ಮೇಲಿನ ಬೋಗಿ ಒಂದೇ ದಿನದಲ್ಲಿ ನಿರುಪಯುಕ್ತವಾಗುತ್ತದೆ. ಉಕ್ಕಿಗೆ ತೂಕದ ಬೆಲೆಯುಂಟು, ಹಳೆಯ ತೇಗಕ್ಕೂ ಗಿರಾಕಿಗಳುಂಟು. ಆದ್ದರಿಂದ ಬೋಗಿಗಳು ಗುಜರಿ ಸೇರುತ್ತವೆ. ಬಳೆಮಂಟಪದಂತಹ ಕಲ್ಲಿನ ಕೆಲಸ ಯಳಂದೂರಿನಲ್ಲಿ ಶತಮಾನಗಳ ಕಾಲ ತಾನಾಗಿಯೇ ನಿಲ್ಲಬಹುದು. ಮರ, ಕಬ್ಬಿಣ, ಬಟ್ಟೆ, ಬೆತ್ತ ಸೇರಿದ ಬೋಗಿಗೆ ಆ ಭಾಗ್ಯವಿಲ್ಲ.

ಒಂದು ಬೋಗಿ, ಎರಡು ವಿದ್ಯೆ

ನಾವು ಆಡುಮಾತಿನಲ್ಲಿ ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ರೈಲ್ವೆಯವರ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗಿನ, ಚಕ್ರಗಳನ್ನು ಹಿಡಿದಿರುವ ತಿರುಗುವ ಚೌಕಟ್ಟು ಮಾತ್ರ. ಈ ವ್ಯತ್ಯಾಸವನ್ನು ತಿಳಿದರೆ ದುರಸ್ತಿ ಅರ್ಥವಾಗುತ್ತದೆ. ಹಳೆಯ ಡಬ್ಬಿಯ ಕೆಳಭಾಗ ಕಮ್ಮಾರನದು, ಮೇಲ್ಭಾಗ ಬಡಗಿಯದು. ಕೆಳಗೆ ಉಕ್ಕಿನ ತೊಲೆಗಳು, ಚಕ್ರ, ಅಚ್ಚು, ಸ್ಪ್ರಿಂಗು, ಬ್ರೇಕು. ಮೇಲೆ ತೂತು ಕೊರೆದು ಕೂರಿಸಿದ ಕೀಲುಗಳಿಂದ ಬಿಗಿದ ಮರದ ಕಂಬಗಳು, ಅಡ್ಡಪಟ್ಟಿಗಳು, ಹಲಗೆಗಳು. ಭಾರತದಲ್ಲಿ ಇದಕ್ಕೆ ತೇಗವೇ ಮೆಚ್ಚಿನ ಮರ. ಅದರಲ್ಲಿರುವ ಎಣ್ಣೆಯ ಅಂಶದಿಂದಾಗಿ ಗೆದ್ದಲು ಮತ್ತು ತೇವವನ್ನು ಅದು ಬಹುಕಾಲ ತಡೆಯುತ್ತದೆ.

ಮದ್ರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಆರಂಭವಾದ ಮೇಲೆ ಪೂರ್ತಿ ಉಕ್ಕಿನ ಬೋಗಿಗಳ ಯುಗ ಬಂದಿತು. ಅಪಘಾತದಲ್ಲಿ ಮರದ ಡಬ್ಬಿ ಚೂರಾಗುತ್ತದೆ, ಬೆಂಕಿಗೂ ಬೇಗ ತುತ್ತಾಗುತ್ತದೆ. ಪ್ರಯಾಣಿಕರ ದೃಷ್ಟಿಯಿಂದ ಬದಲಾವಣೆ ಸರಿಯೇ ಆಗಿತ್ತು. ಆದರೆ ಅದರೊಂದಿಗೆ ಮರದ ಬೋಗಿ ಕಟ್ಟುವ ಕೈಗಳಿಗೂ ಕೆಲಸ ಇಲ್ಲವಾಯಿತು.

ಮೊದಲು ನೀರಿನ ದಾರಿ ಹುಡುಕಬೇಕು

ಹಳೆಯ ಬೋಗಿಯ ದೊಡ್ಡ ಶತ್ರು ಮಳೆ. ಮರದ ಛಾವಣಿಯ ಮೇಲೆ ಸಾಮಾನ್ಯವಾಗಿ ಕ್ಯಾನ್ವಾಸ್ ಬಟ್ಟೆಯನ್ನು ಹಾಸಿ, ಬಣ್ಣದಿಂದ ಅಂಟಿಸಿರುತ್ತಾರೆ. ಅದು ಒಂದೆಡೆ ಸೀಳಿದರೂ ನೀರು ಹಲಗೆಯ ಸಂದಿಯಿಂದ ಇಳಿದು ಕಂಬಗಳ ಬುಡ ಸೇರುತ್ತದೆ. ಇನ್ನೊಂದು ದಾರಿ ಕಿಟಕಿ. ಹಳೆಯ ಬೋಗಿಗಳ ಕಿಟಕಿ ಕೆಳಗೆ ಸರಿದು ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ; ಮಳೆನೀರೂ ಅಲ್ಲಿಗೇ ಇಳಿಯುತ್ತದೆ. ಅದು ಹೊರಹೋಗಲು ಬಿಟ್ಟ ಸಣ್ಣ ತೂತು ಧೂಳಿನಿಂದ ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯತೊಡಗುತ್ತದೆ. ಹೊರಗೆ ಮಾತ್ರ ಬಣ್ಣ ಹೊಳೆಯುತ್ತಿರುತ್ತದೆ.

ಬಣ್ಣ ಬಳಿಯುವುದು ಕೆಲವೊಮ್ಮೆ ಹಾನಿಯನ್ನು ಹೆಚ್ಚಿಸುವುದೂ ಇದೇ ಕಾರಣಕ್ಕೆ. ಹೊರಗಿನ ದಪ್ಪ ಪದರ ಒಳಗಿನ ತೇವವನ್ನು ಆರಲು ಬಿಡದು, ಕೊಳೆತವನ್ನೂ ಕಣ್ಣಿಗೆ ಕಾಣಗೊಡದು.

ಆದುದರಿಂದ ಕ್ರಮ ಹೀಗಿರುತ್ತದೆ. ಮೊದಲು ಬೋಗಿಯನ್ನು ಸೂರಿನಡಿಗೆ ತರಬೇಕು. ನಂತರ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಅಳತೆ ಬರೆದುಕೊಂಡು, ಬಿಚ್ಚುವ ಹಲಗೆಗಳಿಗೆ ಸಂಖ್ಯೆ ಹಾಕಬೇಕು. ಬಣ್ಣವನ್ನು ಒಮ್ಮೆಲೇ ಕೆರೆಯುವಂತಿಲ್ಲ. ಒಂದು ಮೂಲೆಯಲ್ಲಿ ಪದರ ಪದರವಾಗಿ ತೆಗೆದರೆ ಮೊದಲಿನ ಬಣ್ಣ, ಚಿನ್ನದ ಗೆರೆ, ಅಳಿಸಿದ ಸಂಖ್ಯೆ, ರೈಲ್ವೆಯ ಹಳೆಯ ಲಾಂಛನ ಒಂದೊಂದಾಗಿ ಹೊರಬರುತ್ತವೆ. ಮರ ಕೀಸುವ ಯಂತ್ರ ಹಿಡಿದು ಒಂದೇ ದಿನದಲ್ಲಿ ನುಣುಪು ಮಾಡಿದರೆ ಆ ಇತಿಹಾಸವೆಲ್ಲ ಧೂಳಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಆ ಧೂಳು ಕೆಲಸಗಾರರ ಆರೋಗ್ಯಕ್ಕೂ ಅಪಾಯಕಾರಿ.

ಬಳಿಕ ಮರದ ಸರದಿ. ಕೊಳೆತ ಕಂಬವನ್ನು ಪೂರ್ತಿ ಕಿತ್ತೆಸೆಯುವುದಿಲ್ಲ. ಗಟ್ಟಿಯಾದ ಭಾಗವನ್ನು ಉಳಿಸಿಕೊಂಡು, ಹಾಳಾದಷ್ಟನ್ನೇ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಬೆಸೆಯಲಾಗುತ್ತದೆ. ಹಸಿ ಮರ ಹಾಕಿದರೆ ಅದು ಒಣಗಿ ಕುಗ್ಗಿ ಕೀಲು ಸಡಿಲವಾಗುತ್ತದೆ. ಇದರ ಜೊತೆಗೆ, ವರ್ಷಗಟ್ಟಲೆ ಒಂದೆಡೆ ನಿಂತ ಬೋಗಿಯ ನಡು ಜಗ್ಗಿರುವುದುಂಟು. ಹಲವು ಹಳೆಯ ಬೋಗಿಗಳ ಹೊಟ್ಟೆಯಡಿ ಬಿಗಿಹಗ್ಗದಂತೆ ಉಕ್ಕಿನ ಸಲಾಕೆಗಳಿರುತ್ತವೆ. ಅವುಗಳ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ನಡುವನ್ನು ಮೇಲೆತ್ತಬೇಕು. ಅವಸರಪಟ್ಟರೆ ಮೇಲಿನ ಮರದ ಕೀಲುಗಳು ಬಾಯಿಬಿಡುತ್ತವೆ.

ಒಳಗಿನ ಆಸನಗಳ ಬೆತ್ತದ ಹೆಣಿಗೆ, ಹಿತ್ತಾಳೆಯ ಹಿಡಿಕೆ, ಅರಗಿನ ಮೆರುಗು ಇವೆಲ್ಲ ಕೊನೆಯ ಹಂತದವು. ಪ್ರವಾಸಿಗರು ನೋಡಿ ಮೆಚ್ಚುವುದು ಇದನ್ನೇ. ಆದರೆ ಬೋಗಿಯ ಆಯುಷ್ಯ ನಿರ್ಧಾರವಾಗುವುದು ಕಾಣದ ಕೀಲುಗಳಲ್ಲಿ.

ಓಡುವ ಬೋಗಿಯ ಕಥೆ ಬೇರೆ

ನಿಲ್ಲುವ ಬೋಗಿಗೂ ಓಡುವ ಬೋಗಿಗೂ ನಿಯಮ ಒಂದೇ ಅಲ್ಲ. ಚಾಮರಾಜನಗರ ಜಿಲ್ಲೆಯ ಗಡಿಯಾಚೆ ನೀಲಗಿರಿಯಲ್ಲಿ ಮೇಟುಪಾಳಯದಿಂದ ಊಟಿಗೆ ಸಾಗುವ 46 ಕಿ.ಮೀ. ಪರ್ವತ ರೈಲು ಇದಕ್ಕೆ ಉತ್ತಮ ನಿದರ್ಶನ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತೆರೆದುಕೊಂಡ ಈ ಮೀಟರ್ ಗೇಜ್ ಮಾರ್ಗ 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರ್ ಮತ್ತು ಕೂನೂರು ನಡುವೆ 12 ಅಡಿಗೆ ಒಂದು ಅಡಿಯಷ್ಟು ಏರು ಇರುವಲ್ಲಿ ಎಂಜಿನು ಹಲ್ಲಿನ ಹಳಿಯನ್ನು ಹಿಡಿದು ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ. ಪ್ರತಿ ಬೋಗಿಯಲ್ಲೂ ಬ್ರೇಕ್ ಹಿಡಿಯಲು ಸಿಬ್ಬಂದಿ ಇರುತ್ತಾರೆ.

ಇಂಥಲ್ಲಿ 'ಹಳೆಯದೆಲ್ಲ ಹಾಗೆಯೇ ಇರಲಿ' ಎಂದರೆ ನಡೆಯದು. ಅಚ್ಚುಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿವೆಯೇ ಎಂದು ಶ್ರವಣಾತೀತ ಧ್ವನಿತರಂಗಗಳಿಂದ ಪರೀಕ್ಷಿಸಬೇಕು. ಬ್ರೇಕು, ಸ್ಪ್ರಿಂಗು ಸವೆದಾಗ ಬದಲಿಸಲೇಬೇಕು. ಅಗತ್ಯವಾದರೆ ಹಳೆಯ ನೋಟದ ಹೊಸ ಬೋಗಿಯನ್ನೇ ಕಟ್ಟಬೇಕು. ಜೀವದ ಪ್ರಶ್ನೆ ಬಂದಾಗ ಪರಂಪರೆ ಪಕ್ಕಕ್ಕೆ ಸರಿಯಬೇಕಾಗುತ್ತದೆ.

ಇದನ್ನು ನಮ್ಮ ಜಿಲ್ಲೆಯ ಜನರಿಗೆ ರಥದ ಉದಾಹರಣೆಯಿಂದ ವಿವರಿಸುವುದು ಸುಲಭ. ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ರಥಕ್ಕೆ 2017ರಲ್ಲಿ ಬೆಂಕಿ ಬಿದ್ದ ಬಳಿಕ ಹೊಸ ರಥ ನಿರ್ಮಾಣವಾಗಿ, 2022ರಲ್ಲಿ ರಥೋತ್ಸವ ಮತ್ತೆ ನಡೆಯಿತು. ಭಕ್ತರಿಗೆ ರಥ ಎಳೆಯುವುದು ಮುಖ್ಯ; ಮರ ಹೊಸದೋ ಹಳೆಯದೋ ಎಂಬುದಲ್ಲ. ನೀಲಗಿರಿಯ ರೈಲು ಇದೇ ಬಗೆಯದು, ಅದರ ಜೀವ ಓಟದಲ್ಲಿದೆ. ಮಹಾರಾಣಿ ಸಲೂನಿನ ಬೆಲೆಯಾದರೋ 1899ರ ಆ ಮರದಲ್ಲೇ ಇದೆ. ಅದರ ಹಲಗೆಗಳನ್ನೆಲ್ಲ ಬದಲಿಸಿದರೆ ಉಳಿಯುವುದು ಅದರ ಹೆಸರು ಮಾತ್ರ.

ಉಳಿಯಬೇಕಾದ್ದು ರಾಜರ ಬೋಗಿ ಮಾತ್ರವೇ?

ಅರಮನೆಯ ಸಲೂನನ್ನು ಯಾರೂ ಗುಜರಿಗೆ ಹಾಕಲು ಮನಸ್ಸು ಮಾಡುವುದಿಲ್ಲ. ಆದರೆ ನಂಜನಗೂಡಿನ ಜಾತ್ರೆಗೆ, ಮೈಸೂರಿನ ಆಸ್ಪತ್ರೆಗೆ, ಕೋರ್ಟು ಕಚೇರಿಗೆ ಜನ ಪ್ರಯಾಣ ಮಾಡಿದ್ದು ಮರದ ಪಟ್ಟಿಗಳ ಬೆಂಚಿನ ಮೂರನೆಯ ದರ್ಜೆಯಲ್ಲಿ. ಆ ದರ್ಜೆ 1974ರಲ್ಲಿ ರದ್ದಾಯಿತು. ಸಾವಿರಾರು ಸಂಖ್ಯೆಯಲ್ಲಿದ್ದ ಕಾರಣಕ್ಕೇ ಅಂತಹ ಬೋಗಿಗಳನ್ನು ಉಳಿಸಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ. ಹಳೆಯ ಬೋಗಿಯೊಂದು ಎಲ್ಲಾದರೂ ಬಯಲಲ್ಲಿ ನಿಂತಿದ್ದರೆ ಅದಕ್ಕೆ ತುರ್ತಾಗಿ ಬೇಕಾದ್ದು ಹೊಸ ಬಣ್ಣವಲ್ಲ, ಒಂದು ಸೂರು. ಸೂರಿನಡಿಯ ಬೋಗಿ ಹಣ ಮತ್ತು ಪರಿಣತರು ಒದಗುವವರೆಗೆ ಕಾಯಬಲ್ಲದು, ಮಳೆಯಲ್ಲಿ ನಿಂತದ್ದು ಕಾಯಲಾರದು.

ಇನ್ನು ಕೈಗಳ ಪ್ರಶ್ನೆ. ಉಳಿ, ಕೀಸುಳಿ ಹಿಡಿದು ಮೊಳೆಯಿಲ್ಲದೆ ಕೀಲು ಕೂರಿಸಬಲ್ಲ ಬಡಗಿಗಳು ರಥದ ಕೆಲಸದಿಂದಾಗಿ ನಮ್ಮ ನಾಡಿನಲ್ಲಿ ಇನ್ನೂ ಉಳಿದಿದ್ದಾರೆ. ಕಾರ್ಖಾನೆಯ ಉಕ್ಕಿನ ಬೋಗಿಗೆ ಅವರ ಅಗತ್ಯವಿಲ್ಲ, ಮರದ ಹಳೆಯ ಬೋಗಿಗೆ ಇದೆ. ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟದಿದ್ದರೆ ತೇಗ ದೊರೆತೀತು, ಹಣವೂ ದೊರೆತೀತು, ಆದರೆ ಕೀಲು ಕೂರಿಸುವವರು ದೊರೆಯಲಾರರು.

ಕೊಳ್ಳೇಗಾಲಕ್ಕೆ ರೈಲು ಬರುವ ದಿನ ಬಂದರೆ ಅದು ಉಕ್ಕಿನ ಬೋಗಿಗಳ ರೈಲೇ ಆಗಿರುತ್ತದೆ. ಅಲ್ಲಿಯವರೆಗೆ ಮೈಸೂರಿಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಪೋಷಕರು ಮಹಾರಾಣಿ ಸಲೂನಿನ ಮುಂದೆ ಕೊಂಚ ಹೊತ್ತು ನಿಲ್ಲಲಿ. ಒಳಗಿನ ವೈಭವದ ಜೊತೆಗೆ ಕಂಬದ ಬುಡ, ಬಾಗಿಲಿನ ಅಂಚು, ಹಲಗೆ ಸೇರುವ ಸಂದಿಗಳನ್ನೂ ಮಕ್ಕಳಿಗೆ ತೋರಿಸಲಿ.